ಹದಿನೈದು ಟಿಕೆಟ್‌ಗಳ ಬಗ್ಗೆ ಗೇಟ್‌ಕೀಪರ್ ಬರೆಸಿದ್ದು

ಹೆಸರು: ಹೆತ್ತವರಿಟ್ಟದ್ದು ಗುರುತಿನ ಚೀಟಿಯಲ್ಲಿದೆ; ಜನ ಕರೆಯುವುದು ಹೌಸ್‌ಫುಲ್ ಮಾವ. ವಯಸ್ಸು: 63. ಓದು: ಹಳ್ಳಿ ಶಾಲೆಯಲ್ಲಿ ಏಳನೇ ತರಗತಿ, ಬಾಯಿಲೆಕ್ಕದಲ್ಲಿ ಮೊದಲಿಗ. ಕಸುಬು: 19 ವರ್ಷ ಚಿತ್ರಮಂದಿರದ ಗೇಟ್‌ಕೀಪರ್, ಮಂದಿರ ಮುಚ್ಚಿದ ಮೇಲೆ ಏನೂ ಇಲ್ಲ. ವಾಸ: ಅದೇ ಮಂದಿರದ ಹಿಂದಿನ ಗಲ್ಲಿ, ಎರಡನೇ ಮಹಡಿ, ತಂಗಿಯ ಮನೆ.

ಮೇಲ್ಕಂಡ ನಾನು ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ಬರೆಸುವುದೇನೆಂದರೆ, ನನ್ನ ತಂಗಿಯ ಮಗಳು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾಳೆ. ಅವಳು ಸುಳ್ಳು ಅಂಕಿ ಹುಟ್ಟಿಸಿ ಮೋಸ ಮಾಡಿದಳೆಂದು ಒಬ್ಬ ಚಿತ್ರ ಹಂಚಿಕೆದಾರರು ದೂರು ಕೊಟ್ಟಿದ್ದಾರೆ. ಕಾಲೇಜಿನವರು ಅವಳನ್ನು ಅಮಾನತಿನಲ್ಲಿಟ್ಟಿದ್ದಾರೆ. ಅಂಕಿ ಹುಟ್ಟಿಸಿದ್ದು ಅವಳಲ್ಲ, ನಾವು.

ನಮ್ಮ ಮಂದಿರದಲ್ಲಿ 412 ಕುರ್ಚಿ, ದಿನಕ್ಕೆ ನಾಲ್ಕು ಆಟ. ಆಟಕ್ಕೆ ಹತ್ತು ನಿಮಿಷ ಇರುವಾಗ ಹದಿನೈದು ಟಿಕೆಟ್ ಹೋಗಿರದಿದ್ದರೆ ಆಟ ರದ್ದು, ನಮ್ಮ ಆ ಹೊತ್ತಿನ ಕೂಲಿಯೂ ರದ್ದು ಎಂಬುದು ಧಣಿಯ ಕಟ್ಟಳೆ. ರದ್ದಾದ ಆಟ ಟಿಕೆಟ್ ಲೆಕ್ಕದ ಪುಸ್ತಕಕ್ಕೆ ಏರುತ್ತಿರಲಿಲ್ಲ. ಹನ್ನೊಂದು ಹೋಗಿದ್ದರೆ ಉಳಿದ ನಾಲ್ಕನ್ನು ನಾನು, ಇನ್ನೊಬ್ಬ ಗೇಟ್‌ಕೀಪರ್ ಮತ್ತು ಯಂತ್ರ ಓಡಿಸುವವನು ಕೈಯಿಂದ ದುಡ್ಡು ಹಾಕಿ, ಮುಂದಿನ ಬೆಂಚಿನ ಅಗ್ಗದ ದರದಲ್ಲಿ ಕೊಳ್ಳುತ್ತಿದ್ದೆವು. ಅರ್ಧ ಕೂಲಿಯಾದರೂ ಉಳಿಯುತ್ತಿತ್ತು. ಈ ಉಪಾಯ ನನ್ನದೇ. ಉಳಿದಿಬ್ಬರ ತಲೆಗೆ ಹೊಳೆಯುವಂಥದ್ದಲ್ಲ.

ಮಂದಿರ ಮುಚ್ಚಿದಾಗ ಆ ಪುಸ್ತಕಗಳನ್ನು ರದ್ದಿಗೆ ಬಿಡದೆ ಮನೆಗೆ ತಂದೆ. ತಂಗಿಯ ಮಗಳು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ, ಚಿತ್ರದ ಗಳಿಕೆ ಏರುವುದು ನಾಯಕನ ಸಂಬಳದಿಂದಲೋ, ಹಾಡಿನಿಂದಲೋ, ರಜೆಯಿಂದಲೋ ಎಂದು ಎರಡು ವರ್ಷ ಅಧ್ಯಯನ ಮಾಡಿದಳು. ನಾಯಕನ ಹೆಸರು ಮೂರು ದಿನ ನಡೆಯುತ್ತದೆ, ಆಮೇಲೆ ನೋಡಿದವರ ಬಾಯಿಮಾತೇ ಎಲ್ಲ ಎಂದು ಅವಳ ಲೆಕ್ಕ ಹೇಳಿತು. ಇದನ್ನು ನಾನು ಕಂಪ್ಯೂಟರಿಲ್ಲದೆ ಹೇಳುತ್ತಿದ್ದೆ. ಮಧ್ಯಂತರದಲ್ಲಿ ಮೂತ್ರಕ್ಕೆ ಹೋದವರು ಓಡೋಡಿ ಬಂದರೆ ಐವತ್ತು ದಿನ. ನಿಂತು ಬೀಡಿ ಹಚ್ಚಿದರೆ ಶುಕ್ರವಾರಕ್ಕೆ ಬೇರೆ ಪೋಸ್ಟರ್.

ಕಳೆದ ವರ್ಷ ಆಗಸ್ಟ್ 12, ಭಾನುವಾರ ಬೆಳಿಗ್ಗೆ 11.20ಕ್ಕೆ ಅವಳು ತನ್ನ ನಾಲ್ವರು ವಿದ್ಯಾರ್ಥಿಗಳ ಮುಂದೆ, ‘ಮಾವ, 612 ಆಟದಲ್ಲಿ ಸರಿಯಾಗಿ ಹದಿನೈದೇ ಇದೆ. ಹದಿನಾಲ್ಕು ಒಂದೂ ಇಲ್ಲ. ಯಾಕೆ?’ ಎಂದು ಕೇಳಿದಳು. ಅಂದು ನನಗೆ ಕೈ ಇರುವ ಕುರ್ಚಿ ಹಾಕಿದ್ದರು. ಒಬ್ಬ ಹುಡುಗಿ ನನ್ನ ಮಾತನ್ನು ಬರೆದುಕೊಳ್ಳುತ್ತಿದ್ದಳು. ನನ್ನ ಮಾತನ್ನು ಅದುವರೆಗೆ ಯಾರೂ ಬರೆದುಕೊಂಡಿರಲಿಲ್ಲ.

‘ಅದಾ? ಈ ಊರಲ್ಲಿ ಹದಿನೈದು ಜನ ಸಿನಿಮಾ ಹುಚ್ಚರಿದ್ದಾರೆ ಕಣಮ್ಮ. ಆಕಾಶ ಕಳಚಿ ಬಿದ್ರೂ ಬರ್ತಾರೆ. ಒಬ್ಬೊಬ್ಬರ ಮುಖಾನೂ ನಂಗೊತ್ತು’ ಎಂದೆ. ಕೂಲಿಗಾಗಿ ನಾವೇ ಕೊಂಡೆವೆಂದು ಆ ಕುರ್ಚಿಯಲ್ಲಿ ಕುಳಿತು ಹೇಳಲು ನಾಲಿಗೆ ಏಳಲಿಲ್ಲ. ‘ನಿಜ ತಾನೆ? ನೀನು ಹೇಳಿದ್ದನ್ನೇ ಬರೀತೀನಿ ನೋಡು’ ಎಂದು ಅವಳು ಎರಡು ಸಲ ಕೇಳಿದಳು. ಎರಡು ಸಲವೂ ‘ಕಣ್ಮುಚ್ಚಿ ಬರಿ’ ಎಂದೆ.

ಎಂಥ ಚಿತ್ರವಾದರೂ ಹದಿನೈದಕ್ಕಿಂತ ಕೆಳಗಿಳಿಯುವುದಿಲ್ಲ ಎಂದು ಅವಳ ವರದಿಯಲ್ಲಿ ಅಚ್ಚಾಯಿತು. ಅದನ್ನು ನಂಬಿ ಹಂಚಿಕೆದಾರರು 60 ಕುರ್ಚಿಯ ಎರಡು ಸಣ್ಣ ಮಂದಿರಗಳನ್ನು ಬಾಡಿಗೆಗೆ ಹಿಡಿದರು. ಆಟಕ್ಕೆ ಬಂದವರು ಮೂವರು, ಐವರು, ಒಂದು ದಿನ ಒಬ್ಬರು. ಈ ತಿಂಗಳು 16ರಂದು ಮಧ್ಯಾಹ್ನ 2.10ಕ್ಕೆ ಅವರು ಮನೆ ಬಾಗಿಲಿಗೆ ಬಂದು, ‘ಎಲ್ರೀ ಮೇಡಂ, ನಿಮ್ಮ ಹದಿನೈದು ಹುಚ್ಚರು? ಹದಿನಾರನೇ ಹುಚ್ಚ ನಾನಾದೆ!’ ಎಂದು ಗಲ್ಲಿಗೆಲ್ಲ ಕೇಳುವಂತೆ ಕೂಗಿದರು. ನಾನು ಒಳಗೆ ತಟ್ಟೆಯ ಮುಂದೆ ಕುಳಿತಿದ್ದೆ. ಬಾಗಿಲಿಗೆ ಎಂಟು ಹೆಜ್ಜೆ. ಏಳಲಿಲ್ಲ. ತಂಗಿ ಬಂದು, ‘ಅಣ್ಣ, ನಿಂಗೇನಾದ್ರೂ ಗೊತ್ತಾ?’ ಎಂದು ಕೇಳಿದಳು. ‘ನೀರು ಕೊಡು’ ಎಂದೆ.

ಇಂದು ಬೆಳಿಗ್ಗೆ 7ಕ್ಕೆ ತಂಗಿಯ ಮಗಳಿಗೆ ನಿಜ ಹೇಳಿದೆ. ಅವಳು ಚಪ್ಪಲಿ ಮೆಟ್ಟಿ ನನ್ನ ಜೊತೆ ಬಂದಳು. ಪುರಾವೆಯಾಗಿ ಎರಡು ತಗಡಿನ ಡಬ್ಬಿ ಒಪ್ಪಿಸುತ್ತಿದ್ದೇನೆ. ನಾವು ಕೊಂಡ ಟಿಕೆಟ್‌ಗಳು. ಒಳಗೆ ಹೋಗುವವರೇ ಇಲ್ಲದ್ದರಿಂದ ಒಂದನ್ನೂ ಹರಿದಿಲ್ಲ. ಎರಡೂವರೆ ಸಾವಿರ ಇವೆ ಎಂದೆ. ‘ಬರೀಬೇಡಿ ಸಾರ್, ಎಣಿಸೋಣ’ ಎಂದು ಅವಳು ಪೊಲೀಸರ ಪೆನ್ನನ್ನು ತಡೆದಳು. ಒಂದು ಗಂಟೆ ಹತ್ತು ನಿಮಿಷ ಎಣಿಸಿದಳು. 2,306 ಇದ್ದವು.

ನಡುವೆ ಒಮ್ಮೆ ನಾನು ‘ಮಗಳೇ’ ಎಂದೆ. ‘ಸುಮ್ನಿರಿ, ಲೆಕ್ಕ ತಪ್ಪುತ್ತೆ’ ಎಂದಳು. ಮಾತು ಕಲಿತಾಗಿನಿಂದ ನನ್ನನ್ನು ನೀನು ಎಂದವಳು.

ಮೇಲಿನದ್ದನ್ನು ನನಗೆ ಓದಿ ಹೇಳಲಾಗಿದೆ. ಅಂಕಿಗಳು ಅವಳು ತಿದ್ದಿಸಿದಂತೆ, ಉಳಿದದ್ದು ನಾನು ಬರೆಸಿದಂತೆ ಸತ್ಯವಾಗಿದೆ.

ಸ್ಥಳ: ಠಾಣೆಯ ಬರಹದ ಕೋಣೆ
ದಿನಾಂಕ: ಜೂನ್ 19, ಬೆಳಿಗ್ಗೆ 10.50
ಹೇಳಿಕೆ ಕೊಟ್ಟವನ ಸಹಿ