ಕಪ್ಪು ಕಾರ್ಡಿನ ಮರ್ಯಾದೆ

ಅಲ್ಲ ಅಕ್ಕಾ, ಮೊದ್ಲು ಆ ಕೋಟು ಬಿಚ್ಚು... ಕೈ ನೋಡು, ಐಸ್ ಆಗಿದೆ. ಇಲ್ಲಿ ಕೂತ್ಕೋ, ಈ ಸೋಫಾದಲ್ಲಿ. ನಾನು ಗಾಜಿನ ಪಕ್ಕ ಕೂರ್ತೀನಿ. ಇಲ್ಲಿಂದ ಕೆಳಗಡೆ ಎಲ್ಲಾ ಕಾಣತ್ತಲ್ಲ, ಅದಕ್ಕೆ. ಏನಿಲ್ಲ, ಸುಮ್ನೆ! ಜನ ಓಡಾಡೋದು ನೋಡ್ತಾ ಇದ್ರೆ ಹೊತ್ತು ಹೋಗತ್ತೆ.

ಏನು ತಿಂತೀಯ? ಸೀಗಡಿ ಇದೆ, ಬಿಸಿ ಸೂಪ್ ಇದೆ. ಒಂದು ಸೆಂಟೂ ಕೊಡೋದು ಬೇಡ ಅಕ್ಕಾ, ಎಲ್ಲಾ ಪುಕ್ಕಟೆ! ಕ್ಯಾಸಿನೋದವರ ಕಪ್ಪು ಕಾರ್ಡ್ ಇಲ್ದೋರಿಗೆ ಈ ಕೋಣೆಗೆ ಕಾಲಿಡೋಕೂ ಬಿಡಲ್ಲ. ಬಾಗಿಲಲ್ಲಿದ್ದ ಹುಡುಗಿ ಹೇಗೆ ಮಾತಾಡಿಸಿದ್ಲು ಕೇಳ್ದೆ ತಾನೆ? "ಬನ್ನಿ ಮಿಸೆಸ್ ಟ್ರೊವಾಟೊ, ಇವರು ನಿಮ್ಮಕ್ಕ ಅಸುಂತಾ ಅಲ್ವಾ?" ಅಂತ. ಕಾರ್ಡು ತೋರಿಸಿ ಅಂತಲೂ ಕೇಳಲ್ಲ, ನಿನ್ನ ಹೆಸರೂ ಗೊತ್ತು ಅವಳಿಗೆ! ಒಂದೇ ಒಂದು ಸಲ ಹೇಳಿದ್ದೆ, ಅಷ್ಟೇ.

ಅಲ್ದೋ ಮೇಲಿದಾನೆ. ರೂಮಲ್ಲಿ. ಮಲಗಿದಾನೆ... ಚೆನ್ನಾಗಿ ತಿಂದ, ಮಲಗಿದ.

ಬಂದಿದ್ದು ಒಳ್ಳೇದಾಯ್ತು ಬಿಡು. ಫೋನಲ್ಲಿ ನಾನು ಅಂದಿದ್ನಲ್ಲ, ಒಂದ್ಸಲ ಬಾ, ನೀನೇ ಬಂದು ನೋಡಿ ಹೇಳು ಅಂತ. ಈ ಕಾರ್ಡು ಉಳಿಸ್ಕೊಳ್ಳಬೇಕಾ, ಬಿಟ್ಟುಬಿಡಬೇಕಾ. ನನಗೆ ತಲೆ ಕೆಟ್ಟುಹೋಗಿದೆ ಅಕ್ಕಾ. ಹೇಗೆ ಅಂದ್ರೆ... ಮೊದ್ಲು ಹಸಿರು ಕಾರ್ಡ್ ಕೊಡ್ತಾರೆ, ಯಾರು ಬಂದ್ರೂ ಕೊಡ್ತಾರೆ. ಮೆಷಿನ್‌ನಲ್ಲಿ ಜೂಜು ಆಡ್ತಾ ಆಡ್ತಾ ಪಾಯಿಂಟು ಸೇರತ್ತೆ, ಕೆಂಪಾಗತ್ತೆ. ಆಮೇಲೆ ಕಪ್ಪು. ಗೆದ್ಯೋ ಸೋತ್ಯೋ ಅವರಿಗೆ ಬೇಕಾಗಿಲ್ಲ, ಆಡಿದ್ಯಾ ಅಷ್ಟೇ. ಆದ್ರೆ ಹೊಸ ವರ್ಷ ಬಂತು ಅಂದ್ರೆ ಎಲ್ಲಾ ಸೊನ್ನೆ! ಕ್ರಿಸ್ಮಸ್ ಕಳೆಯೋದ್ರೊಳಗೆ ಇಷ್ಟು ಪಾಯಿಂಟು ಆಗಿರಬೇಕು, ಇಲ್ಲಾಂದ್ರೆ ಮತ್ತೆ ಕೆಂಪಿಗೆ ಇಳಿಸ್ತಾರೆ. ಮತ್ತೆ ಸಾಲಲ್ಲಿ ನಿಲ್ಲು, ಮತ್ತೆ ಕಾರು ಎಲ್ಲೋ ಆಕಾಶದಲ್ಲಿ ಆರನೇ ಮಹಡಿ ಮೇಲೆ ನಿಲ್ಲಿಸು. ನನಗಿನ್ನು ಸ್ವಲ್ಪವೇ ಸ್ವಲ್ಪ ಬೇಕು. ಇಷ್ಟು ದೂರ ಬಂದು ಈಗ ಬಿಡೋದಾ?

ಗೊತ್ತು, ಗೊತ್ತು... ನೀನು ಏನಂತೀಯ ಅಂತ ಗೊತ್ತು. ಬೆಟ್ಟ ಅಗೆದು ಇಲಿ ಹಿಡಿದಳು ಮೆನಾ, ಒಂದು ಬಟ್ಟಲು ಸೂಪಿಗೆ ಮನೆಯನ್ನೇ ಸುರಿದಳು ಅಂತೀಯ. ಅನ್ನು! ನಾನೂ ಅಂದ್ಕೊಂಡಿದೀನಿ. ಸ್ನಾನಕ್ಕೆ ನಿಂತಾಗ ಅಂದ್ಕೋತೀನಿ, ಚರ್ಚಲ್ಲಿ ಅಂದ್ಕೋತೀನಿ. ಬಂದು ಮೆಷಿನ್ ಮುಂದೆ ಕೂತ್ಕೋತೀನಿ... ಮರೆತುಹೋಗತ್ತೆ.

ಸೂಪಿಗಲ್ಲ ಅಕ್ಕಾ. ಸೂಪಿಗೆ ಯಾರು ಸಾಯ್ತಾರೆ!

ನಿನಗೆ ಹೇಳಿಲ್ಲ ನಾನು. ಹೋದ ಈಸ್ಟರ್ ಹಬ್ಬದ ದಿನ... ಕುರಿಮರಿ ಮಾಂಸ ಬೇಯಿಸಿ, ಅಲ್ದೋಗಿಷ್ಟ ಅಂತ ರೋಸ್ಮರಿ ಸೊಪ್ಪು ಹಾಕಿ, ತಟ್ಟೆ ಮುಂದಿಟ್ಟೆ. ತಿಂದ. ಬಾಯಿ ಒರೆಸ್ಕೊಂಡ. ಒರೆಸ್ಕೊಂಡು, "ತುಂಬಾ ಚೆನ್ನಾಗಿತ್ತಮ್ಮ, ನಿಮ್ಮ ಮನೆ ಎಲ್ಲಿ? ಕತ್ತಲಾಗೋದ್ರೊಳಗೆ ಹೊರಡಲ್ವಾ?" ಅಂದ. ನನಗೆ ಅಕ್ಕಾ! ಅವನ ಹೆಂಡತಿಗೆ! ನಾನು ಏನು ಮಾಡ್ಲಿ? ಹಿತ್ತಲಿಗೆ ಹೋಗಿ ಕಸದ ಡಬ್ಬದ ಹತ್ರ ನಿಂತ್ಕೊಂಡೆ. ಆಮೇಲೆ ಮುಂಬಾಗಿಲಿಂದ ಒಳಗೆ ಬಂದೆ, ಹೊಸಬಳ ಥರ. "ಬನ್ನಿ ಬನ್ನಿ" ಅಂದ.

ಮನೆಯಲ್ಲಿ ನಾನು ಯಾರೂ ಅಲ್ಲ. ಇಲ್ಲಿ ಒಳಗೆ ಬಂದ್ರೆ ಸಾಕು, ಮಿಸೆಸ್ ಟ್ರೊವಾಟೊ, ಮಿಸೆಸ್ ಟ್ರೊವಾಟೊ... ನಗಬೇಡ. ನಗ್ತಿಲ್ವಾ? ಸರಿ, ನಗ್ತಿಲ್ಲ.

ಅಗೋ ಅಲ್ಲಿ! ಆ ಬೂದು ಸ್ವೆಟರು... ಅಲ್ಲ. ಅಲ್ಲ, ಬೇರೆ ಯಾರೋ. ಯಾರನ್ನೂ ಹುಡುಕ್ತಿಲ್ಲ ಅಕ್ಕಾ, ಸುಮ್ನೆ ಗೊತ್ತಿರೋರು ಅನ್ನಿಸ್ತು. ಈ ಲೋಟ ಆ ಕಡೆ ಇಡು. ಕಾಫಿ ಜಾಸ್ತಿ ಆಯ್ತು ಇವತ್ತು. ಬೆಳಿಗ್ಗೆಯಿಂದ ಬರೀ ಕಾಫಿ.

ತೆರೆಸಿತಾ ಅವನ ಹತ್ರ ಕೂತಿದಾಳೆ, ರೂಮು ಗುಡಿಸೋಕೆ ಬರೋ ಹೆಂಗಸು. ಒಳ್ಳೇ ಹೆಂಗಸು, ಅವಳಪ್ಪನಿಗೂ ಹೀಗೇ ಮರೆವಿನ ಕಾಯಿಲೆ ಆಗಿತ್ತಂತೆ. ಮಲಗಿದಾನೆ ಅಂದೆನಾ? ಹೌದು ಮಲಗಿದಾನೆ! ಮಲಗಿದ್ರೆ ಪಕ್ಕದಲ್ಲಿ ಯಾರೂ ಕೂರಬಾರ್ದಾ?

ಅಮ್ಮನ ಥರ ನೋಡಬೇಡ ನನ್ನ. ಅಮ್ಮನೂ ಹೀಗೇ, ಬೈಯ್ತಿರ್ಲಿಲ್ಲ, ಬರೀ ನೋಡ್ತಿದ್ಲು. ನಾವೇ ಎಲ್ಲಾ ಕಕ್ಕೋ ತನಕ.

ಸರಿ... ಸರಿ ಕೇಳು. ಒಬ್ಬಳಿಂದ ಅಷ್ಟು ಪಾಯಿಂಟು ಆಗಲ್ಲ. ನನ್ನ ಲೆಕ್ಕಕ್ಕೇ ಇನ್ನೊಂದು ಕಾರ್ಡ್ ಕೊಡ್ತಾರೆ, ಗಂಡನಿಗೆ ಅಂತ. ಅದನ್ನ ಪಕ್ಕದ ಮೆಷಿನ್‌ಗೆ ಹಾಕಿ... ಅಲ್ದೋನ ಕೂರಿಸ್ತೀನಿ. ಗುಂಡಿ ಒತ್ತು ಅಂದ್ರೆ ಒತ್ತುತಾನೆ. ನಾನು ಬೇಡ ಅನ್ನೋ ತನಕ ಒತ್ತುತಾನೆ. ಹಾಗೆ ಮುಖ ತಿರುಗಿಸಬೇಡ ಅಕ್ಕಾ, ಪೂರ್ತಿ ಕೇಳು! ಜೀವನ ಪೂರ್ತಿ ಕತ್ತರಿ ಹಿಡಿದ ಕೈ ಅದು. ನಮ್ಮೂರು ಹ್ಯಾಮಂಟನ್ನಿನಲ್ಲಿ ಕ್ಷೌರಕ್ಕೆ ಅವನ ಮುಂದೆ ತಲೆ ಬಗ್ಗಿಸದ ಗಂಡಸಿದ್ನಾ? ಸುಮ್ನೆ ಕೂರಿಸಿದ್ರೆ ಆ ಕೈ ಹುಚ್ಚು ಹಿಡಿದ ಹಾಗೆ ಆಡತ್ತೆ. ಪರದೆ ಹರೀತಾನೆ, ತನ್ನ ಕೂದಲು ಕೀಳ್ತಾನೆ, ಅಳ್ತಾನೆ. ಇಲ್ಲಿ ಅಳಲ್ಲ! ದೇವರಾಣೆ, ಒಂದು ದಿನವೂ ಅತ್ತಿಲ್ಲ. ದೀಪ ಮಿನುಗತ್ತೆ, ಟಿಣ್ ಟಿಣ್ ಅನ್ನತ್ತೆ, ಮಗು ಥರ ನೋಡ್ತಾನೆ.

ಇನ್ನೊಂದು ವಿಷಯ... ಅವನಿಗೆ ದಾರ ಹಾಕ್ತೀನಿ. ಅದು ಎಲ್ಲರೂ ಹಾಕ್ಕೊಳ್ಳೋದೇ! ಕಾರ್ಡು ಮರೆತುಹೋಗದೆ ಇರಲಿ ಅಂತ ಸುರುಳಿ ದಾರ, ಒಂದು ತುದಿ ಕಾರ್ಡಿಗೆ, ಇನ್ನೊಂದು ತುದಿ ಅಂಗಿಯ ಗುಂಡಿಗೆ. ದಾರ ಇದ್ರೆ ಅವನು ಏಳಲ್ಲ. ಎಳೆದ ಹಾಗಾದ್ರೆ ಕೂತುಬಿಡ್ತಾನೆ. ಕರು ಕಟ್ಟಿದ ಹಾಗೆ ಅಂತೀಯಾ? ಅನ್ನು, ಪರವಾಗಿಲ್ಲ, ಅನ್ನು.

ಆ ವೈನ್‌ಲ್ಯಾಂಡಿನ ಸನ್ಯಾಸಿನಿಯರ ಆರೈಕೆ ಮನೇಲಿ ಅವನನ್ನ ಬಿಡು ಬಿಡು ಅಂತ ನೀನು ವರ್ಷದಿಂದ ಹೇಳ್ತಿದೀಯ. ಬಿಟ್ಟು ಬಂದು ನಾನು ಯಾರಿಗೆ ಅಡುಗೆ ಮಾಡ್ಲಿ? ನನ್ನ ಗುರುತು ಇಲ್ಲದೆ ಇದ್ರೂ ಆ ಮಂಚದ ಆ ಕಡೆ ಒಂದು ಉಸಿರಾಡೋ ಸದ್ದಿದೆಯಲ್ಲ. ಅದೂ ಹೋಗ್ಲಾ? ನನಗೆ ಭಯ ಆಗತ್ತೆ ಅಕ್ಕಾ. ಆ ಮನೆ ಅಂದ್ರೆ ಭಯ ಆಗತ್ತೆ.

ಏನಾದ್ರೂ ಮಾತಾಡು. ಬಂದಾಗಿಂದ ಒಂದು ಮಾತಿಲ್ಲ ನಿನ್ನ ಬಾಯಲ್ಲಿ. ಬೈಯಿ. ಕೆನ್ನೆಗೆ ಬಾರಿಸು ಬೇಕಾದ್ರೆ, ಚಿಕ್ಕವಳಿದ್ದಾಗ ಬಾರಿಸ್ತಿರ್ಲಿಲ್ವಾ? ದಾರದ ವಿಷಯ ಹೇಳಿದೆ, ಆದ್ರೂ ನೀನು... "ಈಗಲೇ ಮೇಲೆ ಕರ್ಕೊಂಡು ಹೋಗು, ಅಲ್ದೋನ ನೋಡಬೇಕು" ಅನ್ನಬೇಕಿತ್ತು ನೀನು. ಅನ್ಲಿಲ್ಲ.

ಬಾಗಿಲಲ್ಲೂ ಕೇಳ್ಲಿಲ್ಲ. ಫೋನ್ ಎತ್ತಿದ್ರೆ "ಹಲೋ" ಅನ್ನೋಕ್ಕೆ ಮುಂಚೆ "ಅಲ್ದೋ ಹೇಗಿದಾನೆ?" ಅನ್ನೋಳು ನೀನು. ಇವತ್ತು ಒಂದು ಸಲ... ಒಂದೇ ಒಂದು ಸಲ ಕೇಳ್ಲಿಲ್ಲ. ರೂಮಲ್ಲಿದಾನೆ ಅಂತ ನಾನೇ ಹೇಳ್ದೆ. ಮಲಗಿದಾನೆ ಅಂತ ನಾನೇ ಹೇಳ್ದೆ. ನೀನು ಸುಮ್ನೆ ಕೇಳ್ತಾ ಕೂತಿದ್ದೆ.

ಅಕ್ಕಾ... ಅವನು ಮೇಲಿಲ್ಲ ಅಂತ ನಿನಗೆ ಗೊತ್ತು.

ಅಯ್ಯೋ ದೇವರೇ! ಗೊತ್ತು ನಿನಗೆ!

ನಾನು ಬಿಟ್ಟು ಹೋಗ್ಲಿಲ್ಲ ಅಕ್ಕಾ! ಆ ಕಾರ್ಡ್ ಕೊಡೋರ ಮೇಜಿನ ಹತ್ರ ಹೋಗಿದ್ದೆ ಅಷ್ಟೇ, ಇನ್ನೆಷ್ಟು ಪಾಯಿಂಟು ಬೇಕು ಅಂತ ಕೇಳೋಕೆ. ಸಾಲಿತ್ತು. ಆಮೇಲೆ ಆ ಹುಡುಗ ಕಂಪ್ಯೂಟರ್ ನೋಡ್ತಾ ನೋಡ್ತಾ... ಬಂದು ನೋಡಿದ್ರೆ ಕುರ್ಚಿ ಖಾಲಿ. ದಾರ ನೇತಾಡ್ತಿದೆ, ತುದಿಯಲ್ಲಿ ಅಂಗಿಯ ಗುಂಡಿ, ಅದರಲ್ಲಿ ಇನ್ನೂ ನೂಲು! ಕಿತ್ಕೊಂಡು ಹೋಗಿದ್ದ. ಗಂಡಸರ ಟಾಯ್ಲೆಟ್ಟಿಗೆಲ್ಲಾ ನುಗ್ಗಿದೆ, ಜನ ಬೈದ್ರು. ಸಮುದ್ರದ ಕಡೆ ಹಲಗೆ ದಾರಿ ಮೇಲೆ ಓಡಿದೆ. ಗಾಳಿ ಹೇಗಿದೆ ಇವತ್ತು, ಅಲೆ ಹೇಗಿದೆ... ನೀರನ್ನ ನೋಡೋಕೆ ಆಗ್ಲಿಲ್ಲ ನನಗೆ. ಮತ್ತೆ ಒಳಗೆ ಬಂದೆ. ಇಲ್ಲಿಂದ ಎಲ್ಲಾ ಕಾಣತ್ತೆ, ಬರ್ತಾನೆ, ಬಂದೇ ಬರ್ತಾನೆ ಅಂತ...

ಹೇಳ್ಲಿಲ್ಲ. ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಕ್ಯಾಮೆರಾ ಹಾಕಿ ನೋಡ್ತಾರೆ. ನಾನು ಅವನನ್ನ ಕೂರಿಸೋದು, ದಾರ ಸಿಕ್ಕಿಸೋದು, ಅವನ ಬೆರಳು ಹಿಡಿದು ಮೆಷಿನ್ ಗುಂಡಿ ಮೇಲೆ ಇಡೋದು... ಎಲ್ಲಾ ಕಾಣತ್ತೆ. ಕಾರ್ಡು ಕಿತ್ಕೋತಾರೆ ಅಂತ ಅಂದ್ಕೊಂಡೆ. ನೋಡು, ಗಂಡ ಎಲ್ಲಿ ಬಿದ್ದಿದಾನೋ ಗೊತ್ತಿಲ್ಲ, ಆಗ ನಾನು ಅಂದ್ಕೊಂಡಿದ್ದು ಕಾರ್ಡು!

ಅವನ ಕಾಲರಿನ ಒಳಗೆ ನಿನ್ನ ನಂಬರು ಹೊಲಿದಿದ್ದೆ ನೀನು. ಅದನ್ನ ನೋಡಿ ಪೊಲೀಸರು ನಿನಗೇ ಫೋನ್ ಮಾಡಿರ್ತಾರೆ. ಅದಕ್ಕೇ ನೀನು ಬಂದೆ. ಕಾರ್ಡಿನ ವಿಷಯ ಮಾತಾಡೋಕಲ್ಲ... ನಾನು ಏನು ಸುಳ್ಳು ಹೇಳ್ತೀನಿ ಅಂತ ಕೇಳೋಕೆ ಬಂದೆ.

ಜೀವ ಇದೆ ತಾನೆ? ಅಕ್ಕಾ, ಮಾತಾಡೋದು ಬೇಡ, ತಲೆ ಆಡಿಸು. ಅಷ್ಟೇ ಸಾಕು. ಆಡಿಸು...

ಇದೆ. ಇದೆ! ಅಮ್ಮಾ ತಾಯೀ... ಇದೆ.

ಆಸ್ಪತ್ರೆಯಲ್ಲಿದಾನಾ? ಇಲ್ಲೇ, ಊರಲ್ಲೇ? ಸರಿ. ನಡಿ. ನನ್ನ ಕೋಟು... ಬೇಡ, ಕೋಟು ಬೇಡ. ಕಾರ್ಡು ಮೆಷಿನ್ ಒಳಗೇ ಇದೆ, ಎರಡೂ ಅಲ್ಲೇ ಇರಲಿ, ಯಾರಾದ್ರೂ ತಗೊಳ್ಳಲಿ. ಏಳು ಅಕ್ಕಾ! ಯಾಕೆ ಏಳ್ತಿಲ್ಲ? ನನ್ನನ್ನ ಒಳಗೆ ಬಿಡಲ್ವಾ? ಬಾಗಿಲಿಂದಲೇ ನೋಡ್ತೀನಿ. ನನ್ನ ಗುರುತಂತೂ ಸಿಗಲ್ಲ, ಯಾರೋ ಬಂದು ನಿಂತಿದಾರೆ ಅಂದ್ಕೋತಾನೆ, ಅಷ್ಟೇ.

ಏನು ಮಾಡ್ತಿದಾನೆ ಈಗ? ಎಚ್ಚರ ಇದೆಯಾ? ಅಳ್ತಿದಾನಾ?

ಏನದು? ಬೆರಳಲ್ಲಿ ಯಾಕೆ ಮೇಜು ಒತ್ತುತೀಯ?

ನಿಲ್ಲಿಸು. ಯಾಕೆ ಹಾಗೆ ಒತ್ತುತಾನೇ ಇದೀಯ...

ಅಲ್ಲೂನಾ? ಆ ಹಾಸಿಗೆ ಮೇಲೂನಾ ಅಕ್ಕಾ?

ಯಾರೂ ಅವನಿಗೆ ಬೇಡ ಅನ್ಲಿಲ್ವಾ?