ಸರ್ಫ್ ಕಲಿಸುವ ಹುಡುಗ

ಡೊಂಬಿವಲಿ ರೈಲು ಸ್ಟೇಷನ್ನಿನ ರಿಸರ್ವೇಷನ್ ಸಾಲು ಅಂದು ಎಷ್ಟು ಉದ್ದವಿತ್ತೆಂದರೆ, ಅದನ್ನೇ ಹಿಡಿದು ನಡೆದಿದ್ದರೆ ಟಿಕೆಟ್ಟಿಲ್ಲದೆ ಮಂಗಳೂರು ಮುಟ್ಟಬಹುದಿತ್ತು. ಬದಲಾಪುರದ ಪಿಸುಮಾತು ಥಾಣೆಯಲ್ಲೇ ಕೇಳಿಸುವ ಕಿವಿ ನನ್ನದು. ಹಾಗಿರುವಾಗ ನನ್ನ ಮುಂದೆಯೇ ನಿಂತ ಪದ್ಮಾವತಿಯಮ್ಮ ಮತ್ತು ಅವರ ನಾದಿನಿ ಬಾಗಿಯ ಮಾತು ತಪ್ಪುವುದುಂಟೇ?

“ಹುಡುಗ ಎಂತ ಮಾಡುದು ಅಂದೆ?” ಎಂದರು ಪದ್ಮಾವತಿಯಮ್ಮ.

“ಮುಲ್ಕಿಯಲ್ಲಿ ಸರ್ಫ್ ಕಲಿಸುದು, ಅತ್ತಿಗೆ.”

“ಬಟ್ಟೆ ಒಗೀಲಿಕ್ಕೂ ಮಾಸ್ಟರಾ? ಅವನಿಗೆ ನನ್ನ ಪ್ರೇಕ್ಷಾಳನ್ನು ಕೊಡುದಾ?”

“ಅಯ್ಯೋ, ಸೋಪಿನ ಪುಡಿ ಅಲ್ಲ ಮಾರಾಯ್ರೆ! ಹಲಗೆ ಮೇಲೆ ನಿಂತು ಸಮುದ್ರದ ತೆರೆಯಲ್ಲಿ ಜಾರುದು. ಫಾರಿನ್‌ನವರೂ ಬರ್ತಾರೆ ಕಲೀಲಿಕ್ಕೆ.”

“ಬೀಳುದಿಲ್ವಾ?”

“ಬೀಳ್ತಾರೆ. ಪುನಃ ಏಳ್ತಾರೆ.”

“ಹುಡುಗನನ್ನು ನೋಡ್ಲಿಕ್ಕೆ ನೀನೂ ಪ್ರೇಕ್ಷಾಳೂ ಹೋದ್ರೆ, ಎರಡು ದಿನ ಅಲ್ಲಿ ಎಂತ ಮಾಡ್ತೀರಿ?”

“ಬೆಳಿಗ್ಗೆ ತೆರೆ. ಬಿಸಿಲೇರಿದ ಮೇಲೆ ಶಾಂಭವಿ ಹೊಳೆಯಲ್ಲಿ ದೋಣಿ. ಸಂಜೆ ಬಪ್ಪನಾಡು ದೇವಸ್ಥಾನ.”

“ತಿನ್ಲಿಕ್ಕೆ?”

“ಬನ್ಸ್, ಗೋಳಿಬಜೆ. ಮಧ್ಯಾಹ್ನಕ್ಕೆ ಬಂಗುಡೆ ಪುಳಿಮುಂಚಿ, ನೀರುದೋಸೆ. ಹೋಟೆಲೆಲ್ಲ ಹುಡುಗನಿಗೆ ಗೊತ್ತುಂಟಂತೆ.”

“ಪ್ರೇಕ್ಷಾ ಎಂತ ಹೇಳ್ತಾಳೆ?”

“ಅಮ್ಮ ಬೇಡ ಅಂದ್ರೆ ಬೇಡ ಅಂತಾಳೆ. ಆದ್ರೆ ಅವನ ಫೋನ್ ಬಂದ ಕೂಡಲೇ ಮಾತಾಡ್ಲಿಕ್ಕೆ ಹೊರಗೆ ಗ್ಯಾಲರಿಗೆ ಓಡ್ತಾಳೆ.”

ಕಿಟಕಿ ಬಂತು. ಪದ್ಮಾವತಿಯಮ್ಮ ಬಾಗಿಯ ಕೈಯಿಂದ ಫಾರ್ಮು ಕಿತ್ತುಕೊಂಡು, ನನ್ನ ಜೇಬಿನ ಪೆನ್ನನ್ನು ಕೇಳದೆಯೇ ಎಳೆದು, ಎರಡು ಹೆಸರುಗಳ ಕೆಳಗೆ ಮೂರನೆಯದನ್ನು ಬರೆದರು.

“ಇದೆಂತ ಅತ್ತಿಗೆ, ನೀವೂ ಬರುದಾ?”

“ಮತ್ತೆ? ನೆಲದ ಮೇಲೆ ಎಲ್ಲ ಹುಡುಗರೂ ನೆಟ್ಟಗೆ ನಿಲ್ತಾರೆ. ಅವ ತೆರೆ ಮೇಲೆ ಹೇಗೆ ನಿಲ್ತಾನೆ ಅಂತ ನಾನೇ ನೋಡ್ಬೇಕು.”

ಟಿಕೆಟು ಕೈಗೆ ಬಂದದ್ದೇ ಇಬ್ಬರೂ ನಗುತ್ತ ಮೆಟ್ಟಿಲೇರಿ ಹೋದರು. ಪೆನ್ನೂ ಹೋಯಿತು. ಹೋಗಲಿ, ಈ ಮದುವೆ ನಡೆದರೆ ಮಾಡಿಸಿದವನು ನಾನೇ.