ಸಮಿತಿಯ ಕೋಣೆಯ ಮಾತು

ನಮ್ಮ ಸಂಘದ ಅಧ್ಯಕ್ಷರಾದ ಚಂದ್ರಶೇಖರ್ ಅವರೇ, ವೇದಿಕೆಯ ಹಿರಿಯರೇ, ಕ್ರೇಗಿಬರ್ನ್‌ನಿಂದ ಟ್ರಾಫಿಕ್ ದಾಟಿ ಬಂದು, ಊಟದ ವಾಸನೆಗೆ ಆಗಲೇ ಹಿಂದಿರುಗಿ ನೋಡುತ್ತಿರುವ ಸಭಿಕರೇ,

ನರ್ಸ್ ಡೆಲ್ಫಿನ್ ನಿವೃತ್ತಳಾದಳೆಂದು ನನಗೆ ಶಾಲು ಹೊದಿಸಿದ್ದೀರಿ. ಸಿಡ್ನಿಯ ಪೆಂಡಲ್ ಹಿಲ್‌ನಲ್ಲಿ ಶುರುವಾದ ಬದುಕು ಮೆಲ್ಬರ್ನ್‌ನಲ್ಲಿ ಮುಗಿಯಿತು. ಕೆಲಸದ ಬದುಕು ಮಾತ್ರ, ಗಾಬರಿಯಾಗಬೇಡಿ!

ಶಾಲು ಹೊದಿಸಿದವರು ಇಡಾ ಆಂಟಿ. ಅವರ ಯಜಮಾನರು ಜಾಕೊಬ್ ಅಂಕಲ್ ತೀರಿಕೊಂಡದ್ದು ನಮ್ಮ ವಾರ್ಡಿನಲ್ಲೇ. ಶಾಲು ಹೊದಿಸುತ್ತಾ ಆಂಟಿ ಕಿವಿಯಲ್ಲಿ ಕೇಳಿದರು: “ರಿಟೈರ್ ಆದ್ಯಲ್ಲ ಮಾರಾಯ್ತಿ, ಇನ್ನಾದ್ರೂ ಹೇಳು. ಆ ಭಾನುವಾರ ನಾನು ಚರ್ಚಿಗೆ ಪೂಜೆಗೆ ಹೋಗದೆ ಅಲ್ಲೇ ಕೂತಿದ್ರೆ ಅವರು ಉಳೀತಿದ್ರಾ?”

ಆಸ್ಪತ್ರೆಯಲ್ಲಿ ನಮ್ಮವಳೊಬ್ಬಳಿದ್ದರೆ ಒಳಗಿನ ಸುದ್ದಿಯೆಲ್ಲ ಮನೆಗೆ ಬರುತ್ತದೆಂದು ನಮ್ಮವರ ನಂಬಿಕೆ. ಬರುವುದಿಲ್ಲ, ಸಭಿಕರೇ. ರೋಗಿಗೆ ಅನಾಹುತವಾದರೆ ಡಾಕ್ಟರು, ನರ್ಸುಗಳು ಬಾಗಿಲು ಹಾಕಿಕೊಂಡು ಎಲ್ಲಿ ತಪ್ಪಿದೆವೆಂದು ಮಾತಾಡುವ ಸಮಿತಿಯಿದೆ. ಅದರಲ್ಲಿ ನಾನೂ ಇದ್ದೆ. ಅಲ್ಲಿ ಆಡಿದ ಮಾತಿಗೆ ಕಾನೂನಿನ ರಕ್ಷಣೆ. ಕೋರ್ಟೂ ಕೇಳುವಂತಿಲ್ಲ, ಹೊರಗೆ ಬಾಯಿಬಿಟ್ಟವರಿಗೆ ಶಿಕ್ಷೆ. ಆ ಕಾನೂನಿಗೆ ನಿವೃತ್ತಿಯಿಲ್ಲ.

ಅದು ಕೆಟ್ಟ ಕಾನೂನೇ? ಅಲ್ಲ. ಕೆಲಸ ಹೋಗುತ್ತದೆಂಬ ಹೆದರಿಕೆಯಿದ್ದರೆ ಯಾರು ನಿಜ ಹೇಳುತ್ತಾರೆ? ಹೇಳಿದ್ದರಿಂದಲೇ ಎಷ್ಟೋ ಜೀವ ಉಳಿದಿವೆ. ಈಗ ನೋಡಿ, ಪಕ್ಕದ ರೋಗಿಗಳಿಗೆ ನಿದ್ದೆ ಕೆಡುತ್ತದೆಂದು ಹೃದಯ ಬಡಿತ ಕಾಯುವ ಮಾನಿಟರಿನ ಅಲಾರಂ ಸದ್ದನ್ನು ಯಾವ ನರ್ಸೂ ತಗ್ಗಿಸುವಂತೆಯೇ ಇಲ್ಲ. ಜಾಕೊಬ್ ಅಂಕಲ್ ಹೋದ ಮೇಲೆ ನಾವು ಆ ನಿಯಮವನ್ನು...

ಅಯ್ಯೋ ದೇವರೇ.

ಆಂಟಿ, ಎದ್ದು ಹೋಗಬೇಡಿ. ಕ್ಲೈವ್, ಅಮ್ಮನ ಕೈ ಹಿಡಿದುಕೋ ಮಗಾ.

ನೀವು ಪಕ್ಕದಲ್ಲಿದ್ದಿದ್ದರೆ ನಾವು ತಗ್ಗಿಸಿಟ್ಟ ಆ ಸಣ್ಣ ಸದ್ದು ನಿಮಗೆ ಕೇಳಿಸುತ್ತಿತ್ತು ಎಂದು ಈಗ ಲೆಕ್ಕ ಹಾಕುತ್ತಿದ್ದೀರಿ. ಮುಖ ನೋಡಿದರೇ ಗೊತ್ತಾಗುತ್ತದೆ. ಇದಕ್ಕೇ ಹೆದರಿ ನಾನು ನಿಮ್ಮ ಮನೆಗೆ ಬರುವುದನ್ನೇ ಬಿಟ್ಟೆ. ಕಾನೂನು ನನ್ನ ಬಾಯಿ ಕಟ್ಟಿತ್ತು ನಿಜ, ಕಟ್ಟಿದ್ದು ಒಳ್ಳೆಯದೇ ಆಯಿತೆಂದುಕೊಂಡಿದ್ದೆ.

ಅರ್ಧ ಹೇಳಿಯಾಯಿತು, ಉಳಿದದ್ದನ್ನೂ ಕೇಳಿ. ಯಾರು ಬೇಕಾದರೂ ನನ್ನ ಮೇಲೆ ದೂರು ಕೊಡಲಿ. ಆ ಸದ್ದು ಕೇಳಿಸಿಕೊಳ್ಳಬೇಕಾದವರು ನಾವು. ಅದಕ್ಕೇ ನಮಗೆ ಸಂಬಳ. ನೀವು ಗಂಡನಿಗಾಗಿ ಪ್ರಾರ್ಥಿಸಲು ಹೋಗಿದ್ದಿರಿ, ಆಂಟಿ. ಅದು ತಪ್ಪೆಂದು ಆ ಕೋಣೆಯಲ್ಲಿ ಒಬ್ಬರೂ ಹೇಳಲಿಲ್ಲ.

ಕರೆಸಿದ್ದಕ್ಕೆ ಎಲ್ಲರಿಗೂ ಕೃತಜ್ಞಳು. ದಾರಿ ಬಿಡಿ, ಆಂಟಿ ಹೊರಟುಹೋದರು, ನಾನು ಅವರ ಹಿಂದೆ ಹೋಗಬೇಕು. ನಮಸ್ಕಾರ.